ಅಬ್ಸರ್ವೇಶನ್ ಮುಗೀಲಿಕ್ಕೆ ಬಂತು, ಈಗ ಟೀಚರ್ ಆಗ್ಬೇಕಾ ಬೇಡ್ವಾ ಅಂತ್ಲೇ ಡೌಟ್. ಕಾಸರಗೋಡು ಕಡೆಯವರು ಯಾರಾದ್ರೂ ಹೇಳಿ

ಕುಂಬಳೆ_ಪ್ಯಾಸೆಂಜರ್

ಎಲ್ಲರಿಗೂ ನಮಸ್ಕಾರ. ಉದ್ದ ಆಗ್ತದೆ, ಪುರುಸೊತ್ತು ಇದ್ದವರು ಓದಿ.

ನಾನು ಬಿಎಡ್ ಮಾಡ್ತಾ ಇದ್ದೇನೆ, ಗಣಿತ, ಕನ್ನಡ ಮಾಧ್ಯಮ. ಅದಕ್ಕಿಂತ ಮುಂಚೆ ಬಿಎಸ್ಸಿ ಮುಗಿಸಿ ಹತ್ತು ತಿಂಗಳು ಮಂಗಳೂರಲ್ಲಿ ಒಂದು ಆಫೀಸಲ್ಲಿ ಇದ್ದೆ. ಬೆಳಿಗ್ಗೆ ಕುಂಬಳೆಯಿಂದ ರೈಲಲ್ಲಿ ಹೋಗುದು, ಯಾರ್ಯಾರದ್ದೋ ಇನ್ಶೂರೆನ್ಸ್ ಕ್ಲೇಮಿನ ಪೇಪರ್ ನೋಡಿ ಕಂಪ್ಯೂಟರಿಗೆ ಹಾಕುದು, ಕತ್ತಲೆಗೆ ವಾಪಸ್ ಬರುದು. ಸಾಕಾಗಿ ಬಿಟ್ಟದ್ದು. ಅಮ್ಮ ಹೇಳಿದ್ರು ಬಿಎಡ್ ಮಾಡು, ಹೆಣ್ಮಕ್ಕಳಿಗೆ ಒಳ್ಳೇದು, ಸಂಜೆ ನಾಲ್ಕೂವರೆಗೆ ಮನೆಗೆ ಬರ್ಬಹುದು ಅಂತ. ಹಾಗೆ ಸೇರಿದ್ದು, ಮಕ್ಕಳ ಮೇಲೆ ಪ್ರೀತಿ ಉಕ್ಕಿ ಬಂದು ಅಲ್ಲ, ಅದನ್ನ ಇಲ್ಲಿ ಸುಳ್ಳು ಹೇಳ್ಲಿಕ್ಕೆ ಹೋಗುದಿಲ್ಲ. ಕಾಲೇಜಲ್ಲಿ ಮೊದಲನೇ ವಾರ "ನಾನು ಯಾಕೆ ಶಿಕ್ಷಕ ವೃತ್ತಿ ಆರಿಸಿದೆ" ಅಂತ ಒಂದು ಪುಟ ಬರೀಲಿಕ್ಕೆ ಹೇಳಿದಾಗ ಮಾತ್ರ ಸುಳ್ಳು ಹೇಳಿದ್ದೆ, ಬಾಲ್ಯದ ಕನಸು ಅಂತ ಬರ್ದೆ. ಆಮೇಲೆ ನೋಡಿದ್ರೆ ನಮ್ಮ ಬ್ಯಾಚಲ್ಲಿ ಮುಕ್ಕಾಲು ಜನರದ್ದು ಅದೇ ಕನಸು.

ಮೊದಲನೇ ವರ್ಷದ ನಾಲ್ಕು ವಾರಕ್ಕೆ ನಮ್ಮನ್ನ ಒಂದು ಶಾಲೆಗೆ ಹಾಕಿದ್ರು, ಹೆಸರು ಬೇಡ, ಬದಿಯಡ್ಕ ರೂಟಲ್ಲಿ ಉಂಟು, ಯುಪಿ (ಐದರಿಂದ ಏಳನೇ ಕ್ಲಾಸು) ಹೈಸ್ಕೂಲ್ ಒಟ್ಟಿಗೆ ಇರುವಂಥದ್ದು. ಕೆಲಸ ಎಂತ ಅಂದ್ರೆ ಹಿಂದಿನ ಬೆಂಚಲ್ಲಿ ಕೂತು ಟೀಚರ್ ಪಾಠ ಮಾಡುದನ್ನ ನೋಡಿ ಫಾರ್ಮ್ ತುಂಬಿಸುದು. ಪಾಠ ಪ್ರವೇಶ, ಪೂರ್ವಜ್ಞಾನ ಪರೀಕ್ಷೆ, ಕಪ್ಪುಹಲಗೆ ಬಳಕೆ, ಪ್ರಶ್ನೆ ಕೇಳುವ ಕೌಶಲ, ಪುನರ್ಬಲನ, ತರಗತಿ ನಿರ್ವಹಣೆ, ಒಂದೊಂದಕ್ಕೆ ಐದರಲ್ಲಿ ಮಾರ್ಕ್. ಇಪ್ಪತ್ತೆರಡು ವರ್ಷ ಸರ್ವಿಸ್ ಆದ ಟೀಚರಿಗೆ ನಾನು ಮಾರ್ಕ್ ಕೊಡುದು! ಮೊದಲ ದಿನ ನಂಗೇ ನಗು ಬಂತು, ಮೂರನೇ ದಿನಕ್ಕೆ ಕೈ ತಾನೇ ನಾಲ್ಕು ನಾಲ್ಕು ಅಂತ ಹಾಕ್ಲಿಕ್ಕೆ ಶುರು ಮಾಡಿತು.

ಐದನೇ ಕ್ಲಾಸಿನ ಗಣಿತದ ಟೀಚರಿಗೆ ಒಂದು ಅಭ್ಯಾಸ. ಪ್ರಶ್ನೆ ಕೇಳಿ ಆದ ಮೇಲೆ ಕನ್ನಡಕ ತೆಗೆದು ಸೀರೆ ಸೆರಗಲ್ಲಿ ಒರೆಸುದು, ಆಚೆ ಒಂದು ಗಾಜು ಈಚೆ ಒಂದು ಗಾಜು, ಮೆಲ್ಲ. ಮಕ್ಕಳು ಸುಮ್ನೆ ಕೂತಿರ್ತಾರೆ. ನಾನು "ಪ್ರಶ್ನೆ ಕೇಳುವ ಕೌಶಲ"ದಲ್ಲಿ ಮೂರು ಹಾಕಿ ಪಕ್ಕದಲ್ಲಿ "ಸಮಯ ಪೋಲಾಗುತ್ತಿದೆ" ಅಂತ ಬರ್ದಿದ್ದೇನೆ.

ಈಗ ನಿಜವಾದ ವಿಷಯಕ್ಕೆ ಬರ್ತೇನೆ. ಎರಡನೇ ವಾರ ಒಂದು ದಿನ ಟೀಚರ್ ಬೋರ್ಡಲ್ಲಿ 25 × 16 ಬರೆದು ಮಕ್ಕಳು ಮಾಡ್ತಾ ಇರುವಾಗ ಆಫೀಸಿಂದ ಕರೆ ಬಂತು. ಐದು ನಿಮಿಷ ನೋಡ್ಕೊಳ್ಳಿ ಅಂತ ಹೇಳಿ ಹೋದ್ರು. ನಂಗೆ ಎದೆ ಡವಡವ. ಮಕ್ಕಳಿಗೆ ಹೊಸ ಟೀಚರ್ ಸಿಕ್ಕಿದ ಕುಶಿ, ಬೊಬ್ಬೆ ಶುರು. ಮೂರನೇ ಬೆಂಚಲ್ಲಿ ಒಬ್ಬ ಸಪೂರದ ಹುಡುಗ ಕೈ ಎತ್ತಿ ಕೂತಲ್ಲೇ ಕುಣಿತಾ ಇದ್ದ, "ಟೀಚರ್ ಅವಸರ, ಟೀಚರ್ ನಂಗೆ ಅವಸರ". ನಾನು ಪಾಪ ಅಂತ ಹೇಳಿ ಬಾಗಿಲು ತೋರಿಸಿ "ಹೋಗು ಹೋಗು, ಬೇಗ ಹೋಗಿ ಬಾ" ಅಂದೆ. ಅವ ನನ್ನ ಮುಖ ನೋಡಿದ, ಬಾಗಿಲು ನೋಡಿದ, ಮತ್ತೆ ನನ್ನ ಮುಖ ನೋಡಿದ. ನಾನು ಇನ್ನೂ ಜೋರಾಗಿ "ಹೋಗು ಮಾರಾಯ" ಅಂದೆ. ಹೋದ. ಹೋಗಿ ನಳ್ಳಿ ಹತ್ರ ನಿಂತು ಪೀರಿಯಡ್ ಮುಗಿಯುವವರೆಗೆ ಒಳಗೆ ಬರ್ಲೇ ಇಲ್ಲ. ನಾನು ಅದನ್ನೂ ಗಮನಿಸ್ಲಿಲ್ಲ, ಯಾಕಂದ್ರೆ ಕ್ಲಾಸ್ ಸ್ವಲ್ಪ ಸುಮ್ನಾದದ್ದು ನೋಡಿ ನಂಗೇ ಹೆಮ್ಮೆ ಆಗಿತ್ತು.

ಮಧ್ಯಾಹ್ನ ಗಂಜಿ ಬಡಿಸುವಾಗ ಟೀಚರ್ ಅವನನ್ನ ಕೇಳಿದ್ರಂತೆ ಯಾಕೆ ಹೊರಗೆ ನಿಂತಿದ್ದೆ ಅಂತ. ಅವ "ಹೊಸ ಟೀಚರ್ ಹೊರಗೆ ಹಾಕಿದ್ರು" ಅಂದನಂತೆ. ಅವನ ಮನೆ ಮಾತು ಮಲಯಾಳ, ಮಲಯಾಳ ಪೀರಿಯಡಲ್ಲಿ ಅವಸರ ಅಂದ್ರೆ ಚಾನ್ಸ್! ಕ್ವಿಜ್‌ನಲ್ಲಿ ಒಬ್ಬರಿಗೆ ಗೊತ್ತಿಲ್ಲದಿದ್ರೆ ಮತ್ತೊಬ್ಬರಿಗೆ ಅವಸರ. ನಂಗೆ ಚಾನ್ಸ್ ಕೊಡಿ ಅಂತ ಕೇಳಿದ ಹುಡುಗನನ್ನ ನಾನು ಮೂತ್ರಕ್ಕೆ ಕಳಿಸಿದ್ದು. ಟೀಚರ್ ನಂಗೆ ಬೈಲಿಲ್ಲ, ಒಂದು ಮಾತೂ ಹೇಳ್ಲಿಲ್ಲ, ಅವನನ್ನ ಕರೆದು "ಆ ಲೆಕ್ಕಕ್ಕೆ ಎಷ್ಟು ಬಂತಾ" ಅಂತ ನನ್ನೆದುರೇ ಕೇಳಿದ್ರು ಅಷ್ಟೇ. ಅವ ಪುಸ್ತಕ ಇಲ್ಲದೆ, ಬರೆಯದೆ, ಅನ್ನದ ತಟ್ಟೆ ಹಿಡ್ಕೊಂಡೇ ನಾನೂರು ಅಂದ. ಹೇಗೆ ಅಂದ್ರೆ "ನಾಲ್ಕು ಕಟ್ಟಿಗೆ ನೂರಲ್ವಾ ಟೀಚರ್, ಹದಿನಾರು ಕಟ್ಟಿಗೆ ನಾನೂರು". ಬೀಡಿ ಕಟ್ಟು. ಅವನ ಉಮ್ಮ ಬೀಡಿ ಕಟ್ಟುದು.

ಆ ದಿನದ ನನ್ನ ಫಾರ್ಮಲ್ಲಿ ತರಗತಿ ನಿರ್ವಹಣೆ: ಉತ್ತಮ.

ಅವತ್ತಿಂದ ನಂಗೆ ಮಂಡೆಬಿಸಿ. ಈ ವಾರ ರಿಫ್ಲೆಕ್ಷನ್ ಡೈರಿ ಕೊಡ್ಬೇಕು, ಇದನ್ನ ಬರೆಯುದಾ ಬೇಡ್ವಾ ಗೊತ್ತಿಲ್ಲ, ಫ್ರೆಂಡ್ಸ್ ಎಲ್ಲ ಬೇಡ ಮಾರ್ಕ್ ಹೋಗ್ತದೆ ಅಂತಾರೆ. ಇನ್ನೊಂದು, ಮಂಗಳೂರಿನ ಹಳೇ ಆಫೀಸಿಂದ ಫೋನ್ ಬಂದಿದೆ, ವಾಪಸ್ ಬರ್ತೀಯಾ ಅಂತ, ತಿಂಗಳ ಕೊನೆಗೆ ಹೇಳ್ಬೇಕು. ಐದು ನಿಮಿಷದಲ್ಲಿ ಇಷ್ಟು ದೊಡ್ಡ ಎಡವಟ್ಟು ಮಾಡಿದವಳಿಗೆ ಈ ಕೆಲಸ ಆಗ್ತದಾ? ಸಮಾಧಾನ ಮಾಡ್ಲಿಕ್ಕೆ ಹೇಳ್ಬೇಡಿ, ನಿಜ ಹೇಳಿ.

ಉಪ್ಪಳ_ಬಸ್‌ಸ್ಟ್ಯಾಂಡ್

ಟೀಚರೇ ಮೊದಲು ಸರಿಯಾಗಿ ನಕ್ಕೆ, ಆಮೇಲೆ ಪಾಪ ಅನಿಸಿತು, ನಿಮಗಲ್ಲ ಹುಡುಗನಿಗೆ.

ನಮ್ಮ ಅಮ್ಮನೂ ಬೀಡಿ ಕಟ್ಟಿಯೇ ನಮ್ಮನ್ನ ಓದಿಸಿದ್ದು. ಇಪ್ಪತ್ತೈದಕ್ಕೊಂದು ಕಟ್ಟು, ನಲ್ವತ್ತು ಕಟ್ಟಿಗೆ ಸಾವಿರ, ಮಜೂರಿ ಸಾವಿರದ ಲೆಕ್ಕಕ್ಕೆ. ಶನಿವಾರ ಬ್ರಾಂಚಿಗೆ ಬೀಡಿ ಕೊಡ್ಲಿಕ್ಕೆ ನಾನೇ ಹೋಗುದು, ಅಲ್ಲಿ ಅವರು ಹಾಳು ಬೀಡಿ ಅಂತ ಬದಿಗೆ ಹಾಕಿದ್ದನ್ನ ಕಳೆದು ಎಷ್ಟು ಉಳೀತು ಅಂತ ಅವರು ಹೇಳುವ ಮೊದಲೇ ನಾನು ಹೇಳ್ಬೇಕು, ಇಲ್ಲದಿದ್ರೆ ಮೋಸ ಹೋದ ಹಾಗೆ. ಶಾಲೆಯಲ್ಲಿ ನಂಗೆ ಲೆಕ್ಕದಲ್ಲಿ ಯಾವತ್ತೂ ಮೂವತ್ತು ಮಾರ್ಕ್ ದಾಟ್ಲಿಲ್ಲ ನೋಡಿ! ಒಬ್ಬರೂ ಕೇಳ್ಲಿಲ್ಲ ನೀನು ಮನೇಲಿ ಎಂತ ಲೆಕ್ಕ ಮಾಡ್ತೀ ಅಂತ. ಆ ನಿಮ್ಮ ಟೀಚರ್ ಕೇಳಿದ್ರಲ್ಲ, ಅವರಿಗೆ ಐದಕ್ಕೆ ಐದು ಕೊಡಿ.

ಆಗ್ತದಾ ಅಂತ ಕೇಳಿದ್ದಕ್ಕೆ ಉತ್ತರ ನಂಗೆ ಗೊತ್ತಿಲ್ಲ, ನಾನು ಮೊಬೈಲ್ ಅಂಗಡಿಯವ.

ರ್‍ಯಾಂಕ್‌ಲಿಸ್ಟ್‌_ವೈಟಿಂಗ್

ನಿಜ ಹೇಳಿ ಅಂದ್ರಿ, ಹೇಳ್ತೇನೆ. ಆಮೇಲೆ ಬೇಜಾರು ಮಾಡ್ಬೇಡಿ.

ಆ ಹುಡುಗನ ಕತೆ ಚಂದ ಉಂಟು. ಆದ್ರೆ ನಿಮ್ಮ ಪ್ರಶ್ನೆ ತಪ್ಪು. ನಂಗೆ ಈ ಕೆಲಸ ಆಗ್ತದಾ ಅಂತ ಅಲ್ಲ, ಈ ಕೆಲಸ ನಂಗೆ ಸಿಗ್ತದಾ ಅಂತ ಕೇಳಿ. ನಾನು ಬಿಎಡ್ ಮುಗಿಸಿ ಕೂತವ, ಮೂರು ಶಾಲೆಯಲ್ಲಿ ಡೈಲಿ ವೇಜ್ ಆಗಿ ಹೋದವ, ಜೂನಲ್ಲಿ ಇಂಟರ್ವ್ಯೂ ಮಾರ್ಚಲ್ಲಿ ಟಾಟಾ. ಎಪ್ರಿಲ್ ಮೇ ಎರಡು ತಿಂಗಳು ಎಂತ ತಿನ್ನುದು ಅಂತ ಯಾರೂ ಕೇಳುದಿಲ್ಲ. ನಾನು ಆಗ ಕ್ಯಾಟರಿಂಗಿಗೆ ಬಡಿಸ್ಲಿಕ್ಕೆ ಹೋಗ್ತೇನೆ, ಒಂದು ಮದುವೆಯಲ್ಲಿ ನನ್ನ ಸ್ಟೂಡೆಂಟ್ ಎದುರೇ ಕೂತಿದ್ದ, "ಸಾರ್ ಪಾಯಸ" ಅಂದ. ಬಡಿಸಿದೆ.

ನಿಮಗೆ ದಾರಿ ಹೀಗೆ. ಮೊದಲು ಕೆಟೆಟ್, ಕೇರಳದ ಶಿಕ್ಷಕರ ಅರ್ಹತಾ ಪರೀಕ್ಷೆ. ಎಲ್‌ಪಿಗೆ (ಒಂದರಿಂದ ನಾಲ್ಕನೇ ಕ್ಲಾಸು) ಕೆಟಗರಿ ಒಂದು, ಯುಪಿಗೆ ಎರಡು, ಹೈಸ್ಕೂಲಿಗೆ ಮೂರು. 150 ಮಾರ್ಕಿನ ಪೇಪರ್, ಜನರಲ್ ಆದ್ರೆ 90 ಬೇಕು. ಆಮೇಲೆ ಸರಕಾರಿ ಕೆಲಸಕ್ಕೆ ಜನ ಆರಿಸುವ ಪಿಎಸ್‌ಸಿ ಕರೆಯುವವರೆಗೆ ಕಾಯುದು, ಕರೆದ್ರೆ ಪರೀಕ್ಷೆ, ರ್‍ಯಾಂಕ್ ಲಿಸ್ಟ್, ಲಿಸ್ಟಲ್ಲಿ ಹೆಸರು ಬಂದ ಮೇಲೆ ಯಾರು ರಿಟೈರ್ ಆಗ್ತಾರೆ ಅಂತ ಲೆಕ್ಕ ಹಾಕುದು. ಐದನೇ ಕ್ಲಾಸಿನ ಹುಡುಗನನ್ನ ನೋಡಿ ಸಣ್ಣ ಮಕ್ಕಳಿಗೇ ಪಾಠ ಮಾಡುವ ಅಂತ ಮನಸ್ಸಾದ್ರೆ ಒಂದು ಹೇಳ್ತೇನೆ, ಎಲ್‌ಪಿಗೆ ಬಿಎಡ್ ನಡಿಯುದಿಲ್ಲ. 2023ರ ಆಗಸ್ಟ್ 11ಕ್ಕೆ ಸುಪ್ರೀಂ ಕೋರ್ಟ್ ಖಡಾಖಂಡಿತ ಹೇಳಿ ಆಗಿದೆ, ಪ್ರೈಮರಿಗೆ ಡಿಎಲ್‌ಎಡ್ಡೇ (ಸಣ್ಣ ಕ್ಲಾಸಿನ ಟೀಚರ್ ಡಿಪ್ಲೊಮಾ) ಬೇಕು ಅಂತ.

ಏಡೆಡ್ ಶಾಲೆಯಲ್ಲಿ ಸಂಬಳ ಸರಕಾರದ್ದು, ನೇಮಕ ಮ್ಯಾನೇಜರ್‌ದ್ದು. ಆ ವಿಷಯ ಇಲ್ಲಿ ಬೇಡ, ಗೊತ್ತಿದ್ದವರಿಗೆ ಗೊತ್ತುಂಟು.

ಮತ್ತೆ ಆರನೇ ದಿನ. ಶಾಲೆ ಸುರುವಾಗಿ ಆರನೇ ಕೆಲಸದ ದಿನ ಮಕ್ಕಳ ತಲೆ ಎಣಿಸಿ ಎಷ್ಟು ಡಿವಿಷನ್ ಎಷ್ಟು ಪೋಸ್ಟ್ ಅಂತ ನಿರ್ಣಯ ಮಾಡುದು. ಕನ್ನಡ ಡಿವಿಷನ್‌ಗೆ ಮಕ್ಕಳು ಕಮ್ಮಿ ಆದ್ರೆ ಟೀಚರ್ ಹೋದ ಹಾಗೆ. ಮೇ ತಿಂಗಳ ಬಿಸಿಲಲ್ಲಿ ನಮ್ಮ ಕನ್ನಡ ಶಾಲೆ ಟೀಚರ್ಸ್ ಮನೆ ಮನೆ ಹತ್ತಿ ಇಳಿದು "ನಿಮ್ಮ ಮಗುವನ್ನ ನಮ್ಮಲ್ಲಿಗೆ ಕಳಿಸಿ" ಅಂತ ಕೇಳುದು ನೀವು ನೋಡಿರ್ಬಹುದು. ಅಬ್ಸರ್ವೇಶನ್ ಫಾರ್ಮಲ್ಲಿ ಅದಕ್ಕೆ ಕಾಲಂ ಉಂಟಾ? ಅಷ್ಟೆಲ್ಲ ಮಾಡಿ ಉಳಿಸಿದ ಪೋಸ್ಟಿಗೆ ಕನ್ನಡ ಗೊತ್ತಿಲ್ಲದವರು ಬಂದು ಕೂತದ್ದೂ ಉಂಟು, ಮಕ್ಕಳೇ ಪ್ರತಿಭಟನೆಗೆ ಕೂತದ್ದೂ ಉಂಟು. ಸಂವಿಧಾನದಲ್ಲಿ 350ಎ ಅಂತ ಒಂದುಂಟು, ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರೈಮರಿಯಲ್ಲಿ ಮಾತೃಭಾಷೆಯಲ್ಲಿ ಕಲಿಸುವ ಸೌಕರ್ಯ ಮಾಡಿಕೊಡ್ಬೇಕು ಅಂತ, ಸೇರಿಸಿದ್ದು 1956ರಲ್ಲಿ, ನಾವು ಕೇರಳಕ್ಕೆ ಹೋದ ಅದೇ ವರ್ಷ. ಪುಸ್ತಕದಲ್ಲಿ ಎಲ್ಲ ಚಂದವೇ.

ಮಂಗಳೂರಿನ ಕೆಲಸ ಬಿಡ್ಬೇಡಿ ಅಂತ ನಾನು ಹೇಳುದಿಲ್ಲ. ಆದ್ರೆ ಮನೆಯಲ್ಲಿ ಸಾಲ ಉಂಟಾ, ನಿಮ್ಮ ಸಂಬಳಕ್ಕೆ ಕಾಯುವವರು ಇದ್ದಾರಾ ನೋಡಿ. ಇದ್ರೆ ಒಂದು ಲೆಕ್ಕ, ಇಲ್ಲದಿದ್ರೆ ಬೇರೆ ಲೆಕ್ಕ.

ಪೆನ್ಶನ್_ಮಾಷ್ಟ್ರು

ನಾನು 1988ರಲ್ಲಿ ಸೇರಿ ಮೂವತ್ತು ವರ್ಷ ಚಿಲ್ಲರೆ ಕನ್ನಡ ಕಲಿಸಿದವ, ಈಗ ಮನೆಯಲ್ಲಿ ಅಡಿಕೆ ಸುಲಿದುಕೊಂಡು ಇದ್ದೇನೆ. ನೀನು ಅಂತ್ಲೇ ಹೇಳ್ತೇನೆ ತಂಗಿ, ನನ್ನ ಸಣ್ಣ ಮಗಳ ಪ್ರಾಯ ನಿಂದು.

ಮೊದಲು ರ್‍ಯಾಂಕ್‌ಲಿಸ್ಟ್ ಅವರಿಗೆ. ನೀವು ಹೇಳಿದ್ದು ಒಂದೂ ಸುಳ್ಳಲ್ಲ. ನಾನು ಟಿಟಿಸಿ (ಆಗಿನ ಟೀಚರ್ ಟ್ರೈನಿಂಗ್) ಮುಗಿಸಿ ಮನೆಯಲ್ಲಿ ಕೂತಿದ್ದಾಗಲೂ ಇದೇ ಕತೆ, ಆಗ ಕೆಟೆಟ್ ಇರ್ಲಿಲ್ಲ ಅಷ್ಟೇ.

ತಂಗಿ, ನಿನ್ನ ಅವಸರದ ಕತೆ ಓದಿ ನಂಗೆ ನನ್ನದು ನೆನಪಾಯಿತು. ಸೇರಿದ ಮೊದಲ ವರ್ಷ. ಮಲಯಾಳ ಶಾಲೆಯಿಂದ ಬಂದ ಹೊಸ ಹುಡುಗ ಬಾಗಿಲಲ್ಲಿ ನಿಂತು "ಸಾರ್ ಅನುವಾದ" ಅಂದ. ನಾನು ಪದ್ಯ ಮಾಡ್ತಾ ಇದ್ದೆ, ಅವನಿಗೆ ಪದ್ಯ ಅರ್ಥ ಆಗ್ಲಿಲ್ಲ, ಮಲಯಾಳದಲ್ಲಿ ಹೇಳ್ಬೇಕಂತೆ ಅಂತ ತಿಳಿದು ನನ್ನ ಹರಕು ಮುರುಕು ಮಲಯಾಳದಲ್ಲಿ ಎರಡು ಸಾಲು ಅನುವಾದ ಮಾಡಿದೆ. ಅವ ಅಲ್ಲೇ ನಿಂತಿದ್ದಾನೆ. ಮತ್ತೆ ಎರಡು ಸಾಲು ಮಾಡಿದೆ. ಹಿಂದಿನ ಬೆಂಚಿನ ಒಬ್ಬಳು ಹುಡುಗಿ ನಗು ತಡೀಲಿಕ್ಕೆ ಆಗದೆ ಹೇಳಿದಳು, "ಸಾರ್ ಅವನಿಗೆ ಒಳಗೆ ಬರ್ಲಿಕ್ಕೆ ಪರ್ಮಿಶನ್ ಬೇಕಂತೆ". ಅವರಲ್ಲಿ ಅನುವಾದ ಅಂದ್ರೆ ಅಪ್ಪಣೆ. ಅವತ್ತಿಂದ ಒಂದು ನೋಟುಪುಸ್ತಕ ಮಾಡಿದೆ, ಎರಡೂ ಕಡೆ ಒಂದೇ ಶಬ್ದ, ಬೇರೆ ಅರ್ಥ. ಚೋದ್ಯ ನಮಗೆ ಆಶ್ಚರ್ಯ, ಅವರಿಗೆ ಪ್ರಶ್ನೆ. ಕ್ಷಮೆ ನಾವು ಕೇಳುವುದು, ಅವರು ತಾಳ್ಮೆಗೂ ಅದನ್ನೇ ಹೇಳ್ತಾರೆ. ಅವಸರ ಮೂರನೇ ಪುಟದಲ್ಲೇ ಉಂಟು! ನಮ್ಮ ಊರಲ್ಲಿ ಒಂದು ಕ್ಲಾಸಿನಲ್ಲಿ ತುಳು, ಮಲಯಾಳ, ಹವ್ಯಕ, ಕೊಂಕಣಿ, ಮರಾಟಿ, ಬ್ಯಾರಿ ಎಲ್ಲ ಬೆನ್ನಿಗೆ ಬೆನ್ನು ತಾಗಿಸಿ ಕೂತಿರ್ತದೆ, ಪುಸ್ತಕದ ಕನ್ನಡ ಯಾರ ಮನೆಯ ಮಾತೂ ಅಲ್ಲ. ಭಾಷಣಕ್ಕೆ ಸಪ್ತಭಾಷಾ ಸಂಗಮ ಭೂಮಿ ಅಂತ ಹೇಳಿದ್ರೆ ಚಪ್ಪಾಳೆ ಬರ್ತದೆ, ಕ್ಲಾಸಲ್ಲಿ ಆ ಸಂಗಮದಲ್ಲಿ ಈಜುವುದು ಟೀಚರು.

ಎರಡನೇದು, ನೀನು ಎಲ್ಲಿ ಕೂತಿದ್ದೆ ಅಂತ ನೋಡು. ಹಿಂದಿನ ಬೆಂಚಲ್ಲಿ. ಅಲ್ಲಿಂದ ನಿಂಗೆ ಟೀಚರ್ ಮುಖ ಕಾಣ್ತದೆ, ಮಕ್ಕಳ ಬೆನ್ನು ಮಾತ್ರ ಕಾಣ್ತದೆ. ಎಇಒ (ಶಿಕ್ಷಣ ಇಲಾಖೆಯ ಅಧಿಕಾರಿ) ಬಂದ್ರೂ ಅಲ್ಲೇ ಕೂರುದು, ಟ್ರೈನಿಂಗಿನವರು ಬಂದ್ರೂ ಅಲ್ಲೇ ಕೂರುದು. ಎರಡು ವಾರ ಆ ಹುಡುಗನ ಬೆನ್ನು ನೋಡಿ ನೀನು ಅವನ ಬಗ್ಗೆ ಎಂತ ತಿಳಿಯುದು? ನಾಳೆ ಹೋದ್ರೆ ಟೀಚರ್ ಹತ್ರ ಕೇಳಿ ಕಿಟಕಿ ಪಕ್ಕ, ಬೋರ್ಡಿಂದ ಸ್ವಲ್ಪ ಈಚೆ, ಮಕ್ಕಳಿಗೆ ಅಡ್ಡ ಆಗದ ಹಾಗೆ ಕುರ್ಚಿ ಹಾಕಿ ಕೂತುಕೋ. ನಲ್ವತ್ತು ನಿಮಿಷದಲ್ಲಿ ಇಡೀ ಕ್ಲಾಸ್ ನೋಡ್ಲಿಕ್ಕೆ ಹೋಗ್ಬೇಡ, ಒಂದೇ ಒಂದು ಮಗುವನ್ನ ನೋಡು. ಪೆನ್ಸಿಲ್ ಯಾವಾಗ ನಿಲ್ತದೆ, ಪಕ್ಕದವನ ಪುಸ್ತಕ ಯಾವಾಗ ನೋಡ್ತಾನೆ, ತುಟಿ ಅಲ್ಲಾಡ್ತದಾ, ಬೆರಳು ಮಡಚ್ತಾನಾ. ಅಷ್ಟು ಬರಿ ಸಾಕು. ಫಾರ್ಮನ್ನ ಕೊನೇ ಐದು ನಿಮಿಷಕ್ಕೆ ಇಟ್ಟುಕೋ, ಅದು ಹೇಗೂ ನಾಲ್ಕು ನಾಲ್ಕೇ.

ನಾನು ಇದನ್ನ ಕಲಿತದ್ದು ಬಹಳ ತಡ. ಡಿಪಿಇಪಿ ಅಂತ ಪ್ರೈಮರಿ ಶಾಲೆ ಸುಧಾರಿಸುವ ಯೋಜನೆ ಬಂದಾಗ. ಕೇರಳದಲ್ಲಿ ಅದು ಮೊದಲು ಬಂದ ಮೂರು ಜಿಲ್ಲೆಗಳಲ್ಲಿ ನಮ್ಮದೂ ಒಂದು, ಇನ್ನೆರಡು ಮಲಪ್ಪುರ, ವಯನಾಡು. ಟೀಚರ್ ಮಾತು ಕಮ್ಮಿ ಮಾಡಿ ಮಕ್ಕಳಿಗೆ ಚಟುವಟಿಕೆ ಕೊಡಿ ಅಂತ ಹೇಳಿದ್ರು. ನಾವೆಲ್ಲ ಬೊಬ್ಬೆ ಹಾಕಿದೆವು, ಮಗ್ಗಿ ಹೇಳಿಸದೆ ಕಾಗುಣಿತ ಬರೆಸದೆ ಎಂತ ಶಾಲೆ ಅಂತ. ಅದರಲ್ಲಿ ಹಾಳಾದದ್ದೂ ಉಂಟು, ನಾನು ಈಗಲೂ ಕಾಗುಣಿತದ ಪರವೇ. ಆದ್ರೆ ಒಂದು ಲಾಭ ಆಯಿತು, ಬೋರ್ಡಿಗೆ ಬೆನ್ನು ಹಾಕಿ ನಿಲ್ಲುವುದು ಬಿಟ್ಟು ಬೆಂಚುಗಳ ನಡುವೆ ನಡೀಲೇಬೇಕಾಯಿತು. ಹತ್ತು ವರ್ಷದ ಹತ್ರ ಸರ್ವಿಸ್ ಆಗಿತ್ತು ಆಗ, ಮೊದಲ ಸಲ ಮಕ್ಕಳು ಬರೆಯುವಾಗ ಮೇಲಿಂದ ಬಗ್ಗಿ ನೋಡಿದ್ದು. ಒಬ್ಬಳು "ಳ" ಅಕ್ಷರವನ್ನ ಕೆಳಗಿಂದ ಮೇಲೆ ಬರೀತಿದ್ದಳು. ಬರೆದು ಮುಗಿದ ಮೇಲೆ ನೋಡಿದ್ರೆ ಸರಿಯಾಗಿಯೇ ಕಾಣ್ತದೆ, ಬರೆಯುವಾಗ ನೋಡಿದ್ರೆ ಗೊತ್ತಾಗ್ತದೆ ಅವಳು ಯಾಕೆ ಎಲ್ಲರಿಗಿಂತ ನಿಧಾನ ಅಂತ.

ಕೆಲಸ ಆರಿಸುವ ವಿಷಯ. ನಾನು ಆರಿಸಿದ್ದೇ ಅಲ್ಲ. ಅಡಿಕೆಗೆ ಮಹಾಳಿ ರೋಗ ಬಂದು ತೋಟದಲ್ಲಿ ಅರ್ಧಕ್ಕರ್ಧ ಉದುರಿದ ವರ್ಷ ಅಪ್ಪ ಹೇಳಿದ್ರು, ಒಬ್ಬ ಆದ್ರೂ ತಿಂಗಳ ಸಂಬಳದವ ಆಗ್ಲಿ ಅಂತ. ಸೇರಿ ಮೂರನೇ ವರ್ಷ ಬ್ಯಾಂಕ್ ಪರೀಕ್ಷೆಗೆ ಹಾಕಿದ್ದೆ, ಹಾಲ್ ಟಿಕೆಟ್ ಬಂತು, ಅದೇ ದಿನ ನಮ್ಮ ಮಕ್ಕಳ ನಾಟಕ ಇತ್ತು ಯುವಜನೋತ್ಸವದಲ್ಲಿ. ರಾವಣನ ಹತ್ತು ತಲೆ ರಟ್ಟಿನಲ್ಲಿ ಮಾಡಿದ್ದು ನಾನು, ಅದನ್ನ ಕಟ್ಟುವ ವಿದ್ಯೆ ಗೊತ್ತಿದ್ದದ್ದೂ ನಂಗೆ ಮಾತ್ರ. ಪರೀಕ್ಷೆಗೆ ಹೋಗ್ಲಿಲ್ಲ. ಮನೆಯಲ್ಲಿ ಇನ್ನೂ ಹೇಳ್ಲಿಲ್ಲ ಅದನ್ನ, ಇಲ್ಲಿ ಹೇಳ್ತಾ ಇದ್ದೇನೆ. ನಾಟಕಕ್ಕೆ ಎರಡನೇ ಬಹುಮಾನ.

ನಮ್ಮ ಕಯ್ಯಾರ ಕಿಞ್ಞಣ್ಣ ರೈಗಳನ್ನ ಎಲ್ಲರೂ ಕವಿ, ಹೋರಾಟಗಾರ ಅಂತ ನೆನೀತಾರೆ, ಬದಿಯಡ್ಕದ ಪೆರಡಾಲ ನವಜೀವನ ಶಾಲೆಯಲ್ಲಿ ಮಾಷ್ಟ್ರಾಗಿದ್ದೋರು ಅಂತ ಕೊನೆಗೆ ಒಂದು ಸಾಲು ಸೇರಿಸ್ತಾರೆ. ನಂಗೆ ಅದು ಯಾವಾಗಲೂ ಸ್ವಲ್ಪ ಬೇಜಾರು. ಇರ್ಲಿ, ವಿಷಯ ಎಲ್ಲಿಗೋ ಹೋಯಿತು.

ಡೈರಿಯಲ್ಲಿ ಬರಿ. ಮಾರ್ಕ್ ಹೋದ್ರೆ ಹೋಗ್ಲಿ.

ಎಂಎಡ್‌_ಮಾಡ್ತಿರೋಳು

ಮಾಷ್ಟ್ರೇ ಕೂರುವ ಜಾಗದ ಬಗ್ಗೆ ನೀವು ಹೇಳಿದ್ದು ನಮ್ಮ ಕ್ಲಾಸಲ್ಲಿ ಒಬ್ಬರೂ ಹೇಳ್ಲಿಲ್ಲ, ನಾನು ನೋಟ್ ಮಾಡಿಕೊಂಡೆ. ಆದ್ರೆ ಫಾರ್ಮಿನ ಬಗ್ಗೆ ಸ್ವಲ್ಪ ಜಗಳ ಮಾಡ್ತೇನೆ. ಫಾರ್ಮ್ ಅಂದ್ರೆ ಪೂರ್ತಿ ದಂಡ ಅಲ್ಲ, ನಾವು ತುಂಬಿಸುವ ರೀತಿ ದಂಡ.

ಕುಂಬಳೆ ಅಕ್ಕ (ಅಕ್ಕನಾ ತಂಗಿಯಾ ಗೊತ್ತಿಲ್ಲ), ನಿಮಗೆ ಕ್ಲಾಸಲ್ಲಿ ಯಾರು ಎಷ್ಟು ಮಾತಾಡ್ತಾರೆ ಅಂತ ಅಳೆಯುವ ಫ್ಲಾಂಡರ್ಸ್ ಪದ್ಧತಿಯ ಪಾಠ ಆಗಿರ್ಬೇಕಲ್ವಾ, ಮೂರು ಮೂರು ಸೆಕೆಂಡಿಗೆ ಒಂದು ನಂಬರ್ ಹಾಕುದು, ಒಟ್ಟು ಹತ್ತು ಕೆಟಗರಿ, ಅದರಲ್ಲಿ ಏಳು ಟೀಚರ್ ಮಾತಿಗೆ, ಎರಡು ಮಕ್ಕಳ ಮಾತಿಗೆ, ಒಂದು ಮೌನ ಅಥವಾ ಗಲಾಟೆಗೆ. ನಾವೆಲ್ಲ ಪರೀಕ್ಷೆಗೆ ಬಾಯಿಪಾಠ ಮಾಡಿ ಬಿಟ್ಟೆವು. ನಾನು ಒಂದು ದಿನ ಕುತೂಹಲಕ್ಕೆ ನಿಜವಾಗಿ ಮಾಡಿ ನೋಡಿದೆ, ಇಪ್ಪತ್ತು ನಿಮಿಷಕ್ಕೆ ನಾನೂರು ನಂಬರ್, ಕೈ ಸೋತು ಹೋಯಿತು, ಆದ್ರೆ ಪುಟ ತುಂಬ ಐದು ಐದು ಐದು, ಅಂದ್ರೆ ಟೀಚರ್ ಉಪನ್ಯಾಸ. ಕ್ಲಾಸಲ್ಲಿ ಮೂರರಲ್ಲಿ ಎರಡು ಪಾಲು ಹೊತ್ತು ಯಾರಾದ್ರೂ ಮಾತಾಡ್ತಿರ್ತಾರೆ, ಅದರಲ್ಲಿ ಮೂರರಲ್ಲಿ ಎರಡು ಪಾಲು ಟೀಚರೇ, ಅಂತ ಆ ಫ್ಲಾಂಡರ್ಸ್ ಅವರೇ ಹೇಳಿದ್ದು. ನಾನು ನೋಡಿದ ಕ್ಲಾಸಲ್ಲಿ ಅದಕ್ಕಿಂತ ಜಾಸ್ತಿ ಇತ್ತು. ಆ ಕ್ಲಾಸ್ ಮಾಡಿದ್ದು ಬೇರೆ ಯಾರೂ ಅಲ್ಲ, ವಿಡಿಯೋ ಮಾಡಿಸಿದ ನನ್ನದೇ ಕ್ಲಾಸ್!

ಈಗ ಆ ಕನ್ನಡಕ. ನೀವು ಸಮಯ ಪೋಲು ಅಂತ ಬರೆದಿರಲ್ಲ, ಅದನ್ನ ದಯವಿಟ್ಟು ಹೊಡೆದು ಹಾಕಿ. ಮೇರಿ ಬಡ್ ರೋ ಅಂತ ಒಬ್ಬರು ಅಮೆರಿಕದಲ್ಲಿ ವಿಜ್ಞಾನದ ಕ್ಲಾಸುಗಳ ಟೇಪ್ ಕೇಳಿ ಕೇಳಿ ನೋಡಿದ್ರು, ಟೀಚರ್ಸ್ ಪ್ರಶ್ನೆ ಕೇಳಿ ಸುಮಾರು ಒಂದೇ ಸೆಕೆಂಡ್ ಕಾಯ್ತಾರೆ, ಅಷ್ಟರಲ್ಲಿ ಉತ್ತರ ಬರ್ಲಿಲ್ಲ ಅಂದ್ರೆ ಇನ್ನೊಬ್ಬರನ್ನ ಕೇಳ್ತಾರೆ ಇಲ್ಲದಿದ್ರೆ ತಾವೇ ಹೇಳ್ತಾರೆ. ಮೂರು ಸೆಕೆಂಡ್ ಕಾಯ್ಲಿಕ್ಕೆ ಹೇಳಿ ನೋಡಿದ್ರೆ ಮಕ್ಕಳ ಉತ್ತರ ಉದ್ದ ಆಯ್ತು, ಗೊತ್ತಿಲ್ಲ ಅನ್ನುದು ಕಮ್ಮಿ ಆಯ್ತು, ಯಾವತ್ತೂ ಬಾಯಿ ಬಿಡದವರೂ ಹೇಳ್ಲಿಕ್ಕೆ ಶುರು ಮಾಡಿದ್ರು. ಮೂರು ಸೆಕೆಂಡ್ ಅಂದ್ರೆ ಸಣ್ಣದು ಅಂತ ಕಾಣ್ತದೆ, ಎದುರು ನಿಂತು ಕಾದು ನೋಡಿ, ಮೂರು ವರ್ಷ ಆದ ಹಾಗೆ ಆಗ್ತದೆ. ನಿಮ್ಮ ಟೀಚರ್ ಅದಕ್ಕೊಂದು ಉಪಾಯ ಮಾಡಿಕೊಂಡಿದ್ದಾರೆ, ಎರಡು ಗಾಜು ಒರೆಸುವಷ್ಟು ಹೊತ್ತು. ಮನೆಯಲ್ಲಿ ಒಂದು ಭಾಷೆಯಲ್ಲಿ ಯೋಚನೆ ಮಾಡಿ ಶಾಲೆಯಲ್ಲಿ ಇನ್ನೊಂದರಲ್ಲಿ ಹೇಳ್ಬೇಕಾದ ನಮ್ಮ ಮಕ್ಕಳಿಗೆ ಅದು ಎಷ್ಟು ದೊಡ್ಡದು ಗೊತ್ತುಂಟಾ.

ಇನ್ನೊಂದೇ ಮಾತು. ಲೋರ್ಟಿ ಅಂತ ಒಬ್ಬ ಸಮಾಜಶಾಸ್ತ್ರಜ್ಞರು ಲೆಕ್ಕ ಹಾಕಿದ್ದಾರೆ, ಹೈಸ್ಕೂಲ್ ಮುಗಿಸುವಷ್ಟರಲ್ಲಿ ಒಬ್ಬ ವಿದ್ಯಾರ್ಥಿ ಸುಮಾರು 13,000 ಗಂಟೆ ಟೀಚರ್ಸ್ ಎದುರು ಕೂತಿರ್ತಾನೆ ಅಂತ. ಹಾಗಾಗಿ ಟೀಚಿಂಗ್ ಎಂತ ಅಂತ ಎಲ್ಲರಿಗೂ ಗೊತ್ತುಂಟು ಅಂತ ಭ್ರಮೆ. ಬೊಬ್ಬೆ ಹಾಕುವ ಕ್ಲಾಸ್ ಸುಮ್ನಾದ್ರೆ ಟೀಚರ್ ಗೆದ್ದರು ಅಂತ ನಿಮಗೆ ಕಲಿಸಿದ್ದು ಬಿಎಡ್ ಅಲ್ಲ, ಆ ಗಂಟೆಗಳು. ನಂಗೂ ಹಾಗೇ.

ರ್‍ಯಾಂಕ್‌ಲಿಸ್ಟ್ ಸಾರ್, ನಿಮ್ಮ ಪಾಯಸದ ಮಾತು ಓದಿ ಊಟ ಸೇರ್ಲಿಲ್ಲ.

ರ್‍ಯಾಂಕ್‌ಲಿಸ್ಟ್‌_ವೈಟಿಂಗ್

ಅಯ್ಯೋ ಅಷ್ಟೆಲ್ಲ ಬೇಜಾರು ಬೇಡ, ಅವನಿಗೆ ಎರಡು ಸೌಟು ಜಾಸ್ತಿಯೇ ಹಾಕಿದ್ದೇನೆ. ಊಟ ಆಗಿ ಹೋಗುವಾಗ ಅಡುಗೆ ಕೋಣೆ ಹತ್ರ ಬಂದು ಪ್ಲಸ್ ಟೂಗೆ ಸಯನ್ಸ್ ತಗೊಂಡೆ ಸಾರ್ ಅಂತ ಹೇಳಿ ಹೋದ. ಅದನ್ನ ಮೊದಲೇ ಬರೀಬೇಕಿತ್ತು, ಸಿಟ್ಟಲ್ಲಿ ಬಿಟ್ಟು ಹೋಯಿತು.

ಮಾಷ್ಟ್ರೇ, ರಾವಣನ ತಲೆ ಕಟ್ಟುವ ವಿದ್ಯೆ ನಂಗೂ ಬೇಕು, ಈ ಸಲ ನಮ್ಮ ಶಾಲೆಯಲ್ಲಿ ಕಲೋತ್ಸವದ ಜವಾಬ್ದಾರಿ ನನ್ನ ಮೇಲೆ ಬಿದ್ದಿದೆ. ಡೈಲಿ ವೇಜಿನವನಿಗೇ ಎಲ್ಲ.

ಪೆನ್ಶನ್_ಮಾಷ್ಟ್ರು

ಹತ್ತನ್ನೂ ಒಂದೇ ಪಟ್ಟಿಗೆ ಅಂಟಿಸ್ಬೇಡಿ, ತೂಕಕ್ಕೆ ಮುಂದೆ ಬಗ್ಗುತ್ತದೆ. ಎಡಕ್ಕೆ ಐದು ಬಲಕ್ಕೆ ನಾಲ್ಕು, ಹಿಂದೆ ಬೆತ್ತದ ಬಳೆ, ಹೆಗಲಿಗೆ ಬಟ್ಟೆ ಪಟ್ಟಿ. ಹುಡುಗನ ಸ್ವಂತ ತಲೆಯೇ ಹತ್ತನೇದು.

ಕುಂಬಳೆ_ಪ್ಯಾಸೆಂಜರ್

ಎಲ್ಲರಿಗೂ ಥ್ಯಾಂಕ್ಸ್. ಮೂರು ದಿನ ಆಯ್ತು ಉತ್ತರ ಕೊಡದೆ, ರೆಕಾರ್ಡ್ ಬರೆಯುದರಲ್ಲಿ ಬಿಝಿ ಆಗಿದ್ದೆ. ಎಂಎಡ್ ಅವರೇ ನಾನು ತಂಗಿಯೇ ಇರ್ಬೇಕು, 23.

ಉಪ್ಪಳ ಅಣ್ಣ, ನೀವು ಹೇಳಿದ ಹಾಳು ಬೀಡಿ ಕಳೆಯುವ ಲೆಕ್ಕ ಟೀಚರಿಗೆ ಹೇಳಿದೆ, ಅವರು ಅದನ್ನ ಪಾಠಕ್ಕೇ ತಗೊಂಡ್ರು.

ರ್‍ಯಾಂಕ್‌ಲಿಸ್ಟ್ ಸಾರ್ ಮನೆಯಲ್ಲಿ ಸಾಲ ಉಂಟು, ಆದ್ರೆ ನನ್ನ ಸಂಬಳಕ್ಕೇ ಕಾಯುವಷ್ಟು ಅಲ್ಲ, ಅಣ್ಣ ಗಲ್ಫಲ್ಲಿ ಇದ್ದಾನೆ. ಅಮ್ಮನ ಹತ್ರ ಕೂತು ಮೊದಲ ಸಲ ಲೆಕ್ಕ ಹಾಕಿ ನೋಡಿದೆ. ನೀವು ಹೇಳದಿದ್ರೆ ಹಾಕ್ತಾ ಇರ್ಲಿಲ್ಲ.

ಡೈರಿಯಲ್ಲಿ ಬರ್ದೆ. ನಮ್ಮ ಕಾಲೇಜಿನ ಮೇಡಂ ಓದಿ "ತರಗತಿ ನಿರ್ವಹಣೆ: ಉತ್ತಮ" ಅನ್ನುದರ ಕೆಳಗೆ ಪೆನ್ಸಿಲಲ್ಲಿ ಗೀಟು ಎಳೆದು ಬದಿಯಲ್ಲಿ ನಗುವ ಮುಖ ಹಾಕಿದ್ದಾರೆ, ಮಾರ್ಕ್ ಎಷ್ಟು ಅಂತ ಗೊತ್ತಾಗ್ಲಿಲ್ಲ.

ಮಾಷ್ಟ್ರೇ, ಕಿಟಕಿ ಪಕ್ಕ ಕೂತೆ. ಟೀಚರ್ ಯಾಕೆ ಅಂತ ಕೇಳ್ಲಿಲ್ಲ, ಅವರೇ ಕುರ್ಚಿ ಎಳೆದು ಕೊಟ್ರು. ಅವನನ್ನೇ ನೋಡಿದೆ ನಲ್ವತ್ತು ನಿಮಿಷ. ಅವ ಟೀಚರ್ ಬೋರ್ಡಲ್ಲಿ ಬರೆದದ್ದನ್ನ ಪುಸ್ತಕಕ್ಕೆ ಇಳಿಸುವ ಮೊದಲು ಮೇಜಿನ ಅಡಿಯಲ್ಲಿ ಹೆಬ್ಬೆರಳು ತೋರುಬೆರಳು ಸೇರಿಸಿ ಉರುಟು ಉರುಟು ಮಾಡ್ತಾ ಇರ್ತಾನೆ, ಮೊದಲು ಅಭ್ಯಾಸ ಅಂತ ಗ್ರಹಿಸಿದೆ, ಆಮೇಲೆ ಗೊತ್ತಾಯ್ತು ಎಲೆ ಸುರುಟುವ ಹಾಗೆ ಮಾಡುದು, ಅವ ಲೆಕ್ಕ ಮಾಡುವಾಗ ಮಾತ್ರ ಅದು. ಟೀಚರ್ ಕನ್ನಡಕ ಒರೆಸುವಾಗ ಅವನ ಬೆರಳು ಜೋರು. ಬೆರಳು ನಿಂತ ಕೂಡ್ಲೇ ಕೈ ಮೇಲೆ. ಹಿಂದಿನ ಬೆಂಚಿಂದ ನಂಗೆ ಇದು ಯಾವ ಜನ್ಮಕ್ಕೂ ಕಾಣ್ತಿರ್ಲಿಲ್ಲ.

ಕೊನೇ ದಿನ ಟೀಚರ್ ನಂಗೆ ಹತ್ತು ನಿಮಿಷ ಕೊಟ್ರು, ಈ ಸಲ ಅವರು ಹಿಂದೆ ಕೂತ್ರು. ನಾನು ಜಾಣತನ ಮಾಡಿ, ಇವನಿಗೆ ಕುಶಿ ಆಗ್ಲಿ ಅಂತ 35 × 12 ಬರ್ದು ಅವನ ಕಡೆ ತಿರುಗಿ "ಕಟ್ಟಿನ ಲೆಕ್ಕದಲ್ಲಿ ಹೇಳು ನೋಡುವ" ಅಂದೆ. ಕನ್ನಡಕ ಇಲ್ಲದ ಕಾರಣ ಚಾಕ್‌ಪೀಸ್ ಬೆರಳಲ್ಲಿ ತಿರುಗಿಸ್ತಾ ಕಾದೆ. ಒಂದು, ಎರಡು, ಮೂರು. ಅವ ಎದ್ದು ನಿಂತು, ನಂಗೆ ಬೇಜಾರಾಗದ ಹಾಗೆ ಮೆಲ್ಲ ಹೇಳಿದ:

"ಟೀಚರ್, ಮೂವತ್ತೈದರ ಕಟ್ಟು ಇಲ್ಲ."

ಹಿಂದಿನಿಂದ ಟೀಚರ್ ನಕ್ಕದ್ದು ಕೇಳಿತು.

ಕೆಟೆಟ್ ಕೆಟಗರಿ ಎರಡು ಮತ್ತು ಮೂರರ ಹಳೇ ಪ್ರಶ್ನೆಪತ್ರಿಕೆ, ಗಣಿತದ್ದು, ಕನ್ನಡದಲ್ಲಿ ಇರುವಂಥದ್ದು ಯಾರತ್ರ ಆದ್ರೂ ಉಂಟಾ? ಮಲಯಾಳದ್ದು ಬೇಕಾದಷ್ಟು ಸಿಗ್ತದೆ.